ಬಚ್ಚಲ ಒಲೆ ಮುಂದೆ ಬೂಟು ಇಡಬೇಡಿ

ಕಳೆದ ಜುಲೈಯಲ್ಲಿ ಶಿರಸಿ ಕಡೆಯ ಒಬ್ಬ ಫಾರೆಸ್ಟ್ ಗಾರ್ಡ್ ಕಾರವಾರದ ನನ್ನ ಅಂಗಡಿಗೆ ಬಂದಿದ್ದರು. ಕೈಚೀಲದಲ್ಲಿ ಒಂದು ಜೊತೆ ಚರ್ಮದ ಬೂಟು. ಕೊಂಡು ಒಂಬತ್ತೇ ತಿಂಗಳು. "ಅಣ್ಣಾ, ಎರಡು ಹೊಲಿಗೆ ಹಾಕಿ ಕೊಡಿ, ಸಾಕು" ಅಂದರು. ಬೆರಳಿನ ಮೇಲೆ ಬೂಟು ಮಡಚುವ ಕಡೆ ಅಡ್ಡಕ್ಕೆ ಬಿರುಕು ಬಿಟ್ಟಿತ್ತು. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದೆ. ಒಣಗಿದ ಅಡಿಕೆ ಹಾಳೆ ಮುರಿದ ಹಾಗೆ ಚಟ್ ಅಂತು.

"ಇದನ್ನು ಎಲ್ಲಿ ಒಣಗಿಸ್ತೀರಿ?"

"ಬಚ್ಚಲ ಒಲೆ ಹತ್ರ. ಈ ಮಳೇಲಿ ಮತ್ತೆಲ್ಲಿ ಒಣಗಿಸೋದು ಮಾರಾಯ್ರೇ?"

ಅವರ ಪ್ರಶ್ನೆಯೂ ಸರಿಯೇ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಹಗ್ಗದ ಮೇಲಿನ ಪಂಚೆಯೇ ಮೂರು ದಿನ ಒಣಗದ ಊರಲ್ಲಿ ಬೂಟು ಎಲ್ಲಿ ಒಣಗಬೇಕು? ಆದರೆ ನನ್ನ ಬೆಂಚಿಗೆ ಬರುವ ಸತ್ತ ಬೂಟುಗಳಲ್ಲಿ ನಡೆದು ಸವೆದವು ಕಮ್ಮಿ. ಹೆಚ್ಚಿನವು ಒಣಗಿಸುವಾಗ ಸತ್ತಿರುತ್ತವೆ, ಇಲ್ಲವೇ ಕಪಾಟಿನಲ್ಲಿ ಮಲಗಿದ್ದಾಗ.

ಚರ್ಮ ಅಂದರೆ ನಾರಿನ ಹೆಣಿಗೆ. ಹದ ಮಾಡುವಾಗ ಆ ನಾರುಗಳ ನಡುವೆ ಎಣ್ಣೆ ಇಳಿಸಿರುತ್ತಾರೆ. ಹಾಗಾಗಿ ಅವು ಒಂದರ ಮೇಲೊಂದು ಜಾರುತ್ತವೆ, ಬೂಟು ಬಾಗುತ್ತದೆ. ಒಣ ಚರ್ಮ ಸ್ವಲ್ಪ ಬಿಸಿ ತಡೆಯುತ್ತದೆ, ಒದ್ದೆ ಚರ್ಮ ತಡೆಯುವುದಿಲ್ಲ. ಅಳಲೆಕಾಯಿ, ಜಾಲಿ ತೊಗಟೆ ಹಾಕಿ ಹದ ಮಾಡಿದ ಚರ್ಮ ಒದ್ದೆ ಇರುವಾಗ 70–80 ಡಿಗ್ರಿ ಬಿಸಿ ತಾಗಿದರೆ ಸಾಕು, ನಾರು ಮುದುರಿ ಗಟ್ಟಿಯಾಗುತ್ತದೆ. ಕ್ರೋಮ್ ಹದದ, ಅಂದರೆ ಕ್ರೋಮಿಯಂ ಉಪ್ಪು ಹಾಕಿ ಹದ ಮಾಡಿದ ಚರ್ಮ ಇನ್ನೂ ಜಾಸ್ತಿ ತಡೆಯುತ್ತದೆ ನಿಜ. ಆದರೆ ಒಲೆಯ ಬಾಯಿ ಎದುರು ಮೂತಿ ಇಟ್ಟು ಕೂತ ಬೂಟಿಗೆ ಎಷ್ಟು ಬಿಸಿ ತಾಗಿತು ಅಂತ ಅಳೆಯುವವರು ಯಾರು? ಅಡಿಕೆ ಹಾಳೆಯನ್ನಾದರೆ ನೀರಲ್ಲಿ ನೆನೆಸಿದರೆ ಮತ್ತೆ ಬಾಗುತ್ತದೆ. ಬೆಂದ ಚರ್ಮವನ್ನು ಏನು ಮಾಡಿದರೂ ಹಿಂದಕ್ಕೆ ತರಲಾಗದು.

ಆ ಬೂಟಿಗೆ ನಾನು ಹೊಲಿಗೆ ಹಾಕಲಿಲ್ಲ. ಹಾಕಿದ್ದರೆ ಸೂಜಿ ತೂತಿನ ಸಾಲಿನಲ್ಲೇ ಅಂಚೆಚೀಟಿ ಹರಿದ ಹಾಗೆ ಹರಿಯುತ್ತಿತ್ತು.

ಒಣಗಿಸುವ ದಾರಿ ಸುಲಭ, ತಾಳ್ಮೆ ಬೇಕು ಅಷ್ಟೇ. ಲೇಸು ಬಿಚ್ಚಿ, ನಾಲಿಗೆ ಮುಂದಕ್ಕೆ ಎಳೆದು, ಒಳಗಿನ ಪ್ಯಾಡ್ ತೆಗೆಯಿರಿ. ಹಳೇ ಪೇಪರ್ ಉಂಡೆ ಮಾಡಿ ತುದಿವರೆಗೆ ತುಂಬಿ. ಒಂದು ಗಂಟೆ ಬಿಟ್ಟು ಆ ಪೇಪರ್ ಎಸೆದು ಬೇರೆ ತುಂಬಿ. ಮಲಗುವ ಮೊದಲು ಇನ್ನೊಂದು ಸಲ. ಬೂಟನ್ನು ನೆಟ್ಟಗೆ ಇಡದೆ ಮಗ್ಗುಲಿಗೆ ಮಲಗಿಸಿ, ಅಟ್ಟೆಗೂ ಗಾಳಿ ಆಡಬೇಕು. ಫ್ಯಾನ್ ಗಾಳಿ ಸಾಕು, ಬಿಸಿಲೂ ಬೇಡ. ಪೂರ್ತಿ ನೆಂದ ಬೂಟಿಗೆ ಎರಡು ದಿನ ಬೇಕು. ಹಾಗಾಗಿಯೇ ದಿನಾ ಬೂಟು ಹಾಕುವವರಿಗೆ ಎರಡು ಜೊತೆ ಇಟ್ಟುಕೊಳ್ಳಿ ಅನ್ನುತ್ತೇನೆ. ವ್ಯಾಪಾರಕ್ಕೆ ಹೇಳ್ತಾನೆ ಅಂದುಕೊಳ್ಳಬಹುದು. ಆದರೆ ಬದಲಿಸಿ ಹಾಕಿದ ಎರಡು ಜೊತೆ, ಒಂದಾದ ಮೇಲೊಂದು ಹಾಕಿ ಮುಗಿಸಿದ ಎರಡು ಜೊತೆಗಿಂತ ಜಾಸ್ತಿ ಕಾಲ ಬರುತ್ತವೆ.

ಇನ್ನು ಬಿಳಿ ಕಲೆ. "ಬೂಟಿಗೆ ಬೂಷ್ಟು ಬಂದಿದೆ" ಅಂತ ತರುತ್ತಾರೆ. ನೋಡಿದರೆ ಅರ್ಧ ಬೂಟುಗಳಲ್ಲಿ ಅದು ಬೂಷ್ಟೇ ಅಲ್ಲ. ನಮ್ಮ ಕರಾವಳಿಯಲ್ಲಿ ಬೂಟಿಗೆ ಮೂರು ತರದ ಬಿಳಿ ಹತ್ತುತ್ತದೆ. ಒಂದೊಂದಕ್ಕೂ ಮದ್ದು ಬೇರೆ.

ಟಾಗೋರ್ ಬೀಚಿನಲ್ಲಿ ಬೂಟು ಹಾಕಿಕೊಂಡೇ ಅಲೆಗೆ ಕಾಲು ಕೊಡುವ ಹುಡುಗರ ಬೂಟಿನಲ್ಲಿ ಕಾಣುವುದು ಉಪ್ಪು. ನೀರು ಎಲ್ಲಿವರೆಗೆ ಹತ್ತಿತ್ತೋ ಅಲ್ಲಿ ಅಲೆ ಅಲೆಯಾಗಿ ಗೆರೆ ಇರುತ್ತದೆ, ಬೆರಳಿಗೆ ಒರಟು. ಬೆವರಿನಿಂದಲೂ ಬರುತ್ತದೆ. ಒಂದು ಪಾಲು ಬಿಳಿ ವಿನೆಗರ್‌ಗೆ ಎರಡು ಪಾಲು ನೀರು ಸೇರಿಸಿ, ಬಟ್ಟೆ ಅದ್ದಿ ಹಿಂಡಿ ಒರೆಸಿ. ಕಲೆ ಇರುವಲ್ಲಿ ಮಾತ್ರ ಒರೆಸಿದರೆ ಅಲ್ಲೊಂದು ಹೊಸ ಗೆರೆ ಬೀಳುತ್ತದೆ, ಇಡೀ ಬೂಟು ಒರೆಸಬೇಕು. ಆಮೇಲೆ ಬರೀ ನೀರಿನ ಬಟ್ಟೆ, ನೆರಳಲ್ಲಿ ಒಣಗಿಸುವುದು, ಕೊನೆಗೆ ಕ್ರೀಮು.

ಬೂಷ್ಟು ಚುಕ್ಕೆ ಚುಕ್ಕೆಯಾಗಿ, ಹತ್ತಿಯ ಹಾಗೆ ನವಿರಾಗಿ ಇರುತ್ತದೆ. ವಾಸನೆಯೇ ಹೇಳುತ್ತದೆ. ಗಾಳಿಯಲ್ಲಿ ತೇವ ನೂರಕ್ಕೆ 70 ದಾಟಿದರೆ ಅದು ಬೆಳೆಯಲು ಶುರು. ನಮ್ಮ ಮಳೆಗಾಲದ ಗಾಳಿ ಅದಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ, ಅಲ್ವಾ? ಮನೆಯ ಹೊರಗೆ ಬ್ರಷ್ ಮಾಡಿ, ಒಳಗೆ ಉದುರಿದರೆ ಪಕ್ಕದ ಚಪ್ಪಲಿಗೂ ಹತ್ತುತ್ತದೆ. ಅದೇ ವಿನೆಗರ್ ನೀರಲ್ಲಿ ಒಳಗೂ ಹೊರಗೂ ಒರೆಸಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಎಸೆಯುವುದು ಬೂಷ್ಟಿಗೆ ಆಮಂತ್ರಣ ಕೊಟ್ಟ ಹಾಗೆ. ನಮ್ಮಲ್ಲಿ ಕೆಲವರು ಬಟ್ಟೆ ಕಪಾಟಿನಲ್ಲಿ ಸಣ್ಣ ಬಲ್ಬ್ ಉರಿಸಿಡುತ್ತಾರಲ್ಲ, ಬೂಟಿಗೂ ಅದೇ ಒಳ್ಳೆಯ ಉಪಾಯ. ಒಳಗೆ ನಾಲ್ಕು ಡಿಗ್ರಿ ಬೆಚ್ಚಗಾದರೂ ತೇವದ ಅಂಶ ಇಳಿಯುತ್ತದೆ. ಹಳೇ ತಂತಿ ಬಲ್ಬೇ ಆಗಬೇಕು, ಎಲ್‌ಇಡಿ ಅಷ್ಟು ಬಿಸಿಯಾಗುವುದಿಲ್ಲ. ಬಟ್ಟೆ, ಕಾಗದ ಬಲ್ಬಿಗೆ ತಾಗದ ಹಾಗೆ ನೋಡಿಕೊಳ್ಳಿ.

ಮೂರನೆಯದು ಎಣ್ಣೆ. ಇದರಲ್ಲಿ ನಾನೇ ಪಾಠ ಕಲಿತವನು. ಕೆಲಸಕ್ಕೆ ಕೂತ ಹೊಸದರಲ್ಲಿ ಒಬ್ಬರ ಕಂದು ಬೂಟಿಗೆ ಕೊಬ್ಬರಿ ಎಣ್ಣೆ ಧಾರಾಳವಾಗಿ ಹಚ್ಚಿ ಕೊಟ್ಟೆ. ಮೆತ್ತಗಾಯಿತು, ಹೊಳೆಯಿತು, ಅವರೂ ಖುಷಿಯಾಗಿ ಹೋದರು. ಡಿಸೆಂಬರಿನಲ್ಲಿ ಯಲ್ಲಾಪುರದಿಂದ ವಾಪಸ್ ತಂದರು. ಬಣ್ಣ ಕಪ್ಪಾಗಿತ್ತು, ಹಿಮ್ಮಡಿ ಕಡೆ ಕುಸಿದಿತ್ತು, ಮೇಲೆಲ್ಲ ಬಿಳಿ ಪುಡಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಘಟ್ಟದ ಮೇಲಿನ ಚಳಿಗೆ ಬಾಟಲಿಯಲ್ಲಿ ಆಗುವುದೇ ಚರ್ಮದಲ್ಲೂ ಆಗಿತ್ತು. ಹೆಚ್ಚಾದ ಕೊಬ್ಬು ಮೇಲಕ್ಕೆ ಬಂದು ಬಿಳಿಯಾಗಿ ಕೂತಿತ್ತು. ಈ ಬಿಳಿ ಹೌದೋ ಅಲ್ಲವೋ ನೋಡಲು ಅಂಗೈಯಿಂದ ಚೆನ್ನಾಗಿ ಉಜ್ಜಿ ಬಿಸಿ ಮಾಡಿ. ಕರಗಿ ಮಾಯವಾದರೆ ಎಣ್ಣೆ. ಬೂಷ್ಟೂ ಉಪ್ಪೂ ಹಾಗೆ ಕರಗುವುದಿಲ್ಲ. ಆ ಗಿರಾಕಿಗೆ ದುಡ್ಡು ವಾಪಸ್ ಕೊಟ್ಟೆ. ಅವತ್ತಿನಿಂದ ಕೊಬ್ಬರಿ ಎಣ್ಣೆ ನನ್ನ ತಲೆಗೆ ಮಾತ್ರ. ಬೂಟಿಗೆ ಜೇನುಮೇಣ ಇರುವ ಕ್ರೀಮು, ಎರಡು ತಿಂಗಳಿಗೊಮ್ಮೆ, ಕಡಲೆಕಾಳಿನಷ್ಟು ತೆಗೆದು ಬಟ್ಟೆಯಲ್ಲಿ ತೆಳುವಾಗಿ. ಮಳೆಗಾಲ ಶುರುವಾಗುವ ಮೊದಲು ಹೊಲಿಗೆ ಸಾಲಿಗೆ ಮಾತ್ರ ಸ್ವಲ್ಪ ಜಾಸ್ತಿ.

ಈಗ ಆ ಫಾರೆಸ್ಟ್ ಗಾರ್ಡ್ ಬೂಟಿಗೆ ವಾಪಸ್ ಬರುತ್ತೇನೆ. ಬಿರುಕು ಬಿಟ್ಟ ಜಾಗ ನೋಡಿ ನನಗೆ ಇನ್ನೊಂದು ಅನುಮಾನ ಬಂತು. ಒಲೆ ಚರ್ಮವನ್ನು ಗಟ್ಟಿ ಮಾಡಿತು, ಸರಿ. ಆದರೆ ಅಷ್ಟು ಆಳದ ಮಡಿಕೆ ಅಲ್ಲಿ ಬಿದ್ದಿದ್ದು ಯಾಕೆ? ಪೇಪರ್ ಹಾಸಿ ಅದರ ಮೇಲೆ ನಿಲ್ಲಿಸಿ ಪಾದದ ಸುತ್ತ ಪೆನ್ಸಿಲ್ ಎಳೆದೆ. ಅವರ ಪಾದದ ಉದ್ದ ಎಂಟು ನಂಬರಿನದು, ಬೂಟು ಒಂಬತ್ತು. "ಎಂಟು ಬೆರಳಿಗೆ ಬಿಗಿ ಆಗ್ತಿತ್ತು" ಅಂದರು.

ಬರಿಗಾಲಲ್ಲಿ ಬೆಳೆದ ನಮ್ಮಲ್ಲಿ ಬಹಳ ಜನರ ಪಾದ ಮುಂದೆ ಅಗಲ. ಅಂಗಡಿಯಲ್ಲಿ ಅಗಲದ ಬೂಟು ಸಿಗುವುದಿಲ್ಲ, ಅದಕ್ಕೆ ಉದ್ದದ್ದು ಕೊಡುತ್ತಾರೆ. ಇಂಗ್ಲಿಷ್ ಅಳತೆಯಲ್ಲಿ ಒಂದು ನಂಬರ್ ಅಂದರೆ ಇಂಚಿನ ಮೂರನೇ ಒಂದು ಭಾಗ, ಸುಮಾರು 8.5 ಮಿ.ಮೀ. ಅಟ್ಟೆಯ ಅಗಲದಲ್ಲಿ ನಿಮಗೆ ಸಿಗುವುದು ಒಂದೆರಡು ಮಿ.ಮೀ. ಅಷ್ಟೇ. ಆದರೆ ಬೂಟು ಬಾಗುವ ಜಾಗ ಮುಂದೆ ಹೋಯಿತು. ಪಾದ ಬಾಗುವುದು ಹೆಬ್ಬೆರಳಿನ ಬುಡದ ಗಂಟಿನಲ್ಲಿ. ಎರಡೂ ಹೊಂದದಿದ್ದರೆ ಪ್ರತಿ ಹೆಜ್ಜೆಗೂ ಚರ್ಮ ಬೇಡದ ಕಡೆ ಚೂಪಾಗಿ ಮಡಚುತ್ತದೆ. ಹಿಮ್ಮಡಿ ಜಾರಿ ಬೊಬ್ಬೆ ಏಳುತ್ತದೆ. ಕಾಲಿಗೆ ಹೊಂದದ ಬೂಟು ಕಾಲನ್ನು ಕಚ್ಚುವುದು ಎಲ್ಲರಿಗೂ ಗೊತ್ತು. ತಾನೂ ಬೇಗ ಹರಿಯುತ್ತದೆ ಅನ್ನುವುದು ಅಷ್ಟು ಜನರಿಗೆ ಗೊತ್ತಿಲ್ಲ.

ಅಂಗಡಿಯಲ್ಲಿ ಒಂದು ಕೆಲಸ ಮಾಡಿ. ಬೂಟಿನ ಒಳಗಿನ ಪ್ಯಾಡ್ ಹೊರಗೆ ತೆಗೆದು ನೆಲದ ಮೇಲಿಟ್ಟು ಅದರ ಮೇಲೆ ನಿಂತುಕೊಳ್ಳಿ. ಪಾದ ಅಂಚಿನಿಂದ ಹೊರಗೆ ಚೆಲ್ಲಿದರೆ ಆ ಬೂಟು ನಿಮ್ಮದಲ್ಲ. ಮುಂದೆ ಒಂದು ಸೆಂಟಿಮೀಟರಿನಷ್ಟು ಜಾಗ ಉಳಿಯಬೇಕು. ಆಮೇಲೆ ಹಾಕಿಕೊಂಡು ತುದಿಗಾಲಲ್ಲಿ ನಿಲ್ಲಿ, ಮಡಿಕೆ ಹೆಬ್ಬೆರಳ ಗಂಟಿನ ಮೇಲೇ ಬೀಳಬೇಕು. ಉದ್ದ ಸರಿ ಇದ್ದು ಅಗಲ ಮಾತ್ರ ಚೂರು ಬಿಗಿ ಅಂದರೆ ನಮ್ಮಂಥವರ ಹತ್ತಿರ ತನ್ನಿ, ಮರದ ಅಚ್ಚು ಹಾಕಿ ಎರಡು ದಿನದಲ್ಲಿ ಹಿಗ್ಗಿಸಬಹುದು. ಉದ್ದ ಮಾತ್ರ ಹಿಗ್ಗುವುದಿಲ್ಲ. ಪಾದದ ಮೇಲ್ಭಾಗ ನೋಯುತ್ತಿದ್ದರೆ ಅಲ್ಲೊಂದು ಕಡೆ ಲೇಸನ್ನು ಅಡ್ಡ ದಾಟಿಸದೆ ನೇರ ಮೇಲಿನ ತೂತಿಗೆ ಒಯ್ಯಿರಿ. ಸುಮ್ನೆ ಬೂಟು ಬದಲಿಸುವುದು ತಪ್ಪುತ್ತದೆ.

ಅಟ್ಟೆ ಬಗ್ಗೆ ಎರಡು ಮಾತು. ಪಾಲಿಯುರೆಥೇನ್ ಅನ್ನುವ ಹಗುರ ಪ್ಲಾಸ್ಟಿಕ್ಕಿನ ಅಟ್ಟೆ ಇರುವ ಬೂಟನ್ನು ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟು, ನಾಲ್ಕೈದು ವರ್ಷದ ಮೇಲೆ ಮದುವೆಗೆ ಅಂತ ತೆಗೆದರೆ ಅಟ್ಟೆ ಹಳೇ ರೊಟ್ಟಿಯ ಹಾಗೆ ಪುಡಿಯಾಗಿ ಉದುರುತ್ತದೆ. ಗಾಳಿಯ ತೇವವೇ ಅದನ್ನು ಒಳಗಿಂದ ಒಡೆಯುತ್ತದೆ. ಹಾಕಿ ಓಡಾಡಿದ ಬೂಟಿಗಿಂತ ಮಲಗಿಸಿಟ್ಟ ಬೂಟಿನಲ್ಲೇ ನಾನು ಇದನ್ನು ಜಾಸ್ತಿ ನೋಡಿದ್ದೇನೆ. ಅಂಟು ಹಾಕಿ ಅಂದರೆ ಏನಕ್ಕೆ ಅಂಟಿಸಲಿ? ಹೊಲಿದ ರಬ್ಬರ್ ಅಟ್ಟೆಯಾದರೆ ಬಿಚ್ಚಿ ಬೇರೆ ಕೂರಿಸಬಹುದು. ರಿಪೇರಿಯವರು ಕಬ್ಬಿಣದ ಮೊಳೆ ಹೊಡೆಯಲು ಹೊರಟರೆ ಬೇಡ ಅನ್ನಿ, ಹಿತ್ತಾಳೆಯದು ಕೇಳಿ. ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ತುಕ್ಕು ಚರ್ಮವನ್ನೂ ತಿನ್ನುತ್ತದೆ. ಅಳಲೆಕಾಯಿ ಹದದ ಚರ್ಮವಾದರೆ ಮೊಳೆಯ ಸುತ್ತ ಕಪ್ಪು ಕಲೆಯೂ ಬೀಳುತ್ತದೆ. ಹಿಂದೆ ಅಳಲೆಕಾಯಿಗೆ ಅನ್ನಭೇದಿ ಅನ್ನುವ ಕಬ್ಬಿಣದ ಉಪ್ಪು ಹಾಕಿ ಮಸಿ ಮಾಡುತ್ತಿದ್ದರಲ್ಲ, ಅದೇ ಕಪ್ಪು.

ಆ ಗಾರ್ಡ್ ಈಗ ಎಂಟು ನಂಬರಿನದೇ ಹಾಕುತ್ತಾರೆ, ನಾನೇ ಮುಂದೆ ಹಿಗ್ಗಿಸಿ ಕೊಟ್ಟದ್ದು. ನೀವೂ ಬೂಟು ತರುವುದಾದರೆ ಸಂಜೆ ಐದರ ಮೇಲೆ ಬನ್ನಿ, ದಿನವಿಡೀ ನಡೆದ ಕಾಲು ಆಗ ಊದಿರುತ್ತದೆ. ದಿನಾ ಹಾಕುವ ಕಾಲುಚೀಲವನ್ನೂ ತನ್ನಿ, ಅದನ್ನು ಹಾಕಿಸಿಯೇ ಅಳತೆ ತೆಗೆಯುತ್ತೇನೆ. ತೊಳೆದು ತಂದರೆ ಇನ್ನೂ ಒಳ್ಳೆಯದು.