ದಣಿದ ಮುಖ್ಯಸ್ಥರಿಗೆ ನಿದ್ದೆ ಏಕೆ ಹತ್ತುವುದಿಲ್ಲ?

ಪ್ರಶ್ನೆ: ಬೆಂಗಳೂರಿನಲ್ಲಿ ಒಂದು ಮಧ್ಯಮ ಗಾತ್ರದ ಕಂಪನಿ ನಡೆಸುತ್ತಿದ್ದೇನೆ. ರಾತ್ರಿ ಮನೆ ಸೇರುವಷ್ಟರಲ್ಲಿ ಮೈ ಸೋತುಹೋಗಿರುತ್ತದೆ. ಆದರೆ ಮಲಗಿದ ಕೂಡಲೇ ಕಚೇರಿಯ ವಿಷಯಗಳು ಒಂದರ ಹಿಂದೊಂದು ತಲೆಯಲ್ಲಿ ಸುತ್ತತೊಡಗುತ್ತವೆ. ಇಷ್ಟು ದಣಿದರೂ ನಿದ್ದೆ ಏಕೆ ಬರುವುದಿಲ್ಲ?

ಉತ್ತರ: ಸಂಸ್ಥೆಗಳನ್ನು ನಡೆಸುವ ಅನೇಕರು ಕೇಳುವ ಪ್ರಶ್ನೆಯಿದು. ದಣಿವಾದರೆ ನಿದ್ದೆ ತಾನಾಗಿಯೇ ಬರಬೇಕು ಎಂಬ ನಂಬಿಕೆ ಇದರ ಹಿಂದಿದೆ. ಅದು ಅರ್ಧದಷ್ಟು ಮಾತ್ರ ನಿಜ.

ನಾವು ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಸೇರುತ್ತಾ ಹೋಗಿ ನಿದ್ದೆಯ ಒತ್ತಡವನ್ನು ಹೆಚ್ಚಿಸುತ್ತದೆ. ಇದರ ಜೊತೆಗೆ ದೇಹದ ಒಳಗಡಿಯಾರವೂ ಕತ್ತಲಾದ ಮೇಲೆ ಮೆಲಟೋನಿನ್ ಎಂಬ ಹಾರ್ಮೋನು ಸ್ರವಿಸುವಂತೆ ಮಾಡಿ ಮಲಗುವ ಹೊತ್ತನ್ನು ಸೂಚಿಸುತ್ತದೆ. ಈ ಎರಡರ ಹೊಂದಾಣಿಕೆಯಿಂದ ನಿದ್ದೆ ನಿರ್ಧಾರವಾಗುತ್ತದೆ ಎಂಬ ವಿವರಣೆಯನ್ನು ಅಲೆಕ್ಸಾಂಡರ್ ಬೊರ್ಬೆಲಿ ಎಂಬ ವಿಜ್ಞಾನಿ 1982ರಲ್ಲಿ ಮಂಡಿಸಿದರು. ಆದರೆ ಇವೆರಡೂ ಅನುಕೂಲವಾಗಿದ್ದರೂ ಮೂರನೆಯದೊಂದು ಅಡ್ಡ ಬರಬಲ್ಲದು. ಏನೋ ಆಗಲಿದೆ, ನಾನು ಸಿದ್ಧನಾಗಿರಬೇಕು ಎಂದು ಮನಸ್ಸಿಗೆ ಅನಿಸುತ್ತಿರುವವರೆಗೆ ದೇಹದ ಎಚ್ಚರದ ವ್ಯವಸ್ಥೆ ಸಡಿಲವಾಗುವುದಿಲ್ಲ. ಎದೆಬಡಿತ ಇಳಿಯಬೇಕಾದಷ್ಟು ಇಳಿಯುವುದಿಲ್ಲ, ಕಾರ್ಟಿಸಾಲ್‌ನಂತಹ ಹಾರ್ಮೋನುಗಳು ತಗ್ಗಬೇಕಾದ ಹೊತ್ತಿನಲ್ಲಿ ತಗ್ಗದೇ ಹೋಗಬಹುದು. ಸ್ನಾಯುಗಳು ಸೋತಿದ್ದರೂ ಕಾಯುವ ಮನಸ್ಸು ಸೋತಿರುವುದಿಲ್ಲ.

ಹಡಗುಗಳ ಎಂಜಿನಿಯರುಗಳ ಮೇಲೆ ನಡೆದ ಒಂದು ಅಧ್ಯಯನವು ಇದನ್ನು ಬಹಳ ಚೆನ್ನಾಗಿ ತೋರಿಸುತ್ತದೆ. 1988ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಸ್ವೀಡನ್ನಿನ ಸಂಶೋಧಕರು, ಎಂಜಿನ್ ಕೋಣೆಯಿಂದ ಅಲಾರಾಂ ಬಂದರೆ ಎದ್ದು ಓಡಬೇಕಾದ ಸರದಿಯ ರಾತ್ರಿಗಳಲ್ಲಿಯೂ ಅಂತಹ ಜವಾಬ್ದಾರಿಯಿಲ್ಲದ ರಾತ್ರಿಗಳಲ್ಲಿಯೂ ಅವರ ಮಿದುಳಿನ ತರಂಗಗಳನ್ನು ದಾಖಲಿಸಿದರು. ಸರದಿಯ ರಾತ್ರಿಗಳಲ್ಲಿ ಗಾಢನಿದ್ರೆ ಕಡಿಮೆಯಾಗಿತ್ತು, ಎದೆಬಡಿತ ಹೆಚ್ಚಾಗಿತ್ತು. ಗಮನಿಸಬೇಕಾದ ಸಂಗತಿಯೆಂದರೆ, ಈ ಬದಲಾವಣೆಗಳಲ್ಲಿ ಅನೇಕವು ಅಲಾರಾಂ ಹೊಡೆಯುವುದಕ್ಕೂ ಮೊದಲೇ ಕಾಣಿಸಿಕೊಂಡಿದ್ದವು. ಕರೆ ಬರಬಹುದು ಎಂಬ ನಿರೀಕ್ಷೆಯೊಂದೇ ನಿದ್ದೆಯನ್ನು ತೆಳ್ಳಗಾಗಿಸಿತ್ತು.

ಆ ಎಂಜಿನಿಯರುಗಳಿಗಾದರೂ ಸರದಿ ಮುಗಿಯುತ್ತಿತ್ತು. ಕಂಪನಿಯ ಮುಖ್ಯಸ್ಥರಿಗೆ ಸರದಿ ಬದಲಾಗುವುದೇ ಇಲ್ಲ. ನಿಮ್ಮ ತೊಂದರೆಯ ಬೇರು ಕೆಲಸದ ಪ್ರಮಾಣಕ್ಕಿಂತ ಹೆಚ್ಚಾಗಿ ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ. ನಮ್ಮೂರಿನ ಒಂದು ಸಾಧಾರಣ ಕಂಪನಿಯ ತಿಂಗಳನ್ನೇ ನೋಡಿ. 7ನೇ ತಾರೀಖಿನೊಳಗೆ ಟಿಡಿಎಸ್, ಅಂದರೆ ಪಾವತಿಗಳಿಂದ ಮೊದಲೇ ಕಡಿತ ಮಾಡಿದ ತೆರಿಗೆ, ಕಟ್ಟಬೇಕು, 15ರೊಳಗೆ ನೌಕರರ ಭವಿಷ್ಯ ನಿಧಿ ತುಂಬಬೇಕು, ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವವರಾದರೆ 20ಕ್ಕೆ ಜಿಎಸ್‌ಟಿ. ಇದರ ನಡುವೆ ಸಂಬಳದ ದಿನ ಬರುತ್ತದೆ, ದೊಡ್ಡ ಗಿರಾಕಿಯಿಂದ ಬರಬೇಕಾದ ಹಣ ಮಾತ್ರ ಬಂದಿರುವುದಿಲ್ಲ. ಲೆಕ್ಕದ ಕೆಲಸವನ್ನು ಲೆಕ್ಕಪರಿಶೋಧಕರು ಮಾಡಿಕೊಡುತ್ತಾರೆ, ಆದರೆ ಬ್ಯಾಂಕಿನ ಖಾತೆಯಲ್ಲಿ ಸಾಕಷ್ಟು ಹಣವಿದೆಯೇ ಎಂಬ ಪ್ರಶ್ನೆ ರಾತ್ರಿ ಹನ್ನೊಂದಕ್ಕೂ ಮಾಲೀಕರ ತಲೆಯಲ್ಲಿಯೇ ಉಳಿಯುತ್ತದೆ.

ಇದಕ್ಕೆ ಬೆಂಗಳೂರಿನದೇ ಆದ ಇನ್ನೊಂದು ಕಷ್ಟವೂ ಸೇರುತ್ತದೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೇಸಿಗೆಯ ಬೆಳಗ್ಗೆ ಎಂಟೂವರೆಯಾದಾಗ ಇಲ್ಲಿ ರಾತ್ರಿ ಒಂಬತ್ತು. ಅಲ್ಲಿನವರು ಹೊಸ ಉತ್ಸಾಹದಿಂದ ದಿನ ಶುರು ಮಾಡುವ ಹೊತ್ತಿಗೆ, ದಿನವೆಲ್ಲ ದುಡಿದ ಇಲ್ಲಿನವರು ಕಾಲ್‌ಗೆ ಕುಳಿತು, ಬೆಳಗುವ ಪರದೆಯೆದುರು, ಒಪ್ಪಂದದ ಷರತ್ತುಗಳನ್ನು ವಾದಿಸಬೇಕಾಗುತ್ತದೆ. ಹತ್ತೂವರೆಗೆ ಕಾಲ್ ಮುಗಿಸಿ ಹನ್ನೊಂದಕ್ಕೆ ಮಲಗಿದರೆ, ವಾದಕ್ಕೆ ಅಣಿಯಾಗಿದ್ದ ಮನಸ್ಸು ಅರ್ಧ ಗಂಟೆಯಲ್ಲಿ ತಣ್ಣಗಾಗಬೇಕೆಂದು ನಿರೀಕ್ಷಿಸಿದಂತಾಗುತ್ತದೆ. ಸಂಜೆ ಆರಕ್ಕೆ ಕುಡಿದ ಕಾಫಿಯ ಕೆಫೀನ್‌ನಲ್ಲಿ ಸುಮಾರು ಅರ್ಧದಷ್ಟು ಆ ಹೊತ್ತಿಗೂ ರಕ್ತದಲ್ಲಿದ್ದು, ಅಡೆನೊಸಿನ್ನಿನ ಕೆಲಸವನ್ನು ತಡೆಯುತ್ತಿರುತ್ತದೆ.

ಈ ತೊಂದರೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಬ್ರಿಟನ್ನಿನ ಲಾಯ್ಡ್ಸ್ ಬ್ಯಾಂಕಿನ ಮುಖ್ಯಸ್ಥರಾಗಿದ್ದ ಆಂಟೋನಿಯೊ ಹೊರ್ಟಾ-ಒಸೋರಿಯೊ ಅವರ ಪ್ರಸಂಗ ಸಾಕ್ಷಿ. ಆರ್ಥಿಕ ಬಿಕ್ಕಟ್ಟಿನ ನಂತರ ಸರ್ಕಾರವೇ ದೊಡ್ಡ ಪಾಲು ಹೊಂದಿದ್ದ ಆ ಬ್ಯಾಂಕಿನ ಹೊಣೆಯನ್ನು 2011ರ ಮಾರ್ಚಿನಲ್ಲಿ ಹೊತ್ತ ಅವರು, ಅದೇ ನವೆಂಬರಿನಲ್ಲಿ ನಿದ್ರಾಹೀನತೆ ಮತ್ತು ತೀವ್ರ ಬಳಲಿಕೆಯಿಂದ ರಜೆಯ ಮೇಲೆ ಹೋದರು. ಚಿಕಿತ್ಸೆ ಪಡೆದು 2012ರ ಜನವರಿಯಲ್ಲಿ ಮರಳಿದ ಅವರು 2021ರವರೆಗೂ ಅದೇ ಹುದ್ದೆಯಲ್ಲಿದ್ದರು. ಇಂತಹ ಕಾಯಿಲೆಯನ್ನು ಬಚ್ಚಿಡದೆ ಚಿಕಿತ್ಸೆ ಪಡೆದದ್ದನ್ನು ನಾನು ಧೈರ್ಯವೆಂದೇ ಎಣಿಸುತ್ತೇನೆ, ಏಕೆಂದರೆ ನಾಲ್ಕು ಗಂಟೆ ಮಲಗಿದರೆ ಸಾಕು ಎನ್ನುವುದನ್ನೇ ಸಾಮರ್ಥ್ಯವೆಂದು ಮೆರೆಸುವ ವಲಯ ಅದು.

ಕೆಲಸದಿಂದ ಮನಸ್ಸನ್ನು ಬಿಡಿಸಿಕೊಳ್ಳುವುದರ ಬಗ್ಗೆ ಜರ್ಮನಿಯ ಮನೋವಿಜ್ಞಾನಿ ಸಬೀನ ಸೊನೆಂಟಾಗ್ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಒತ್ತಡ ಹೆಚ್ಚಿರುವವರಿಗೆ ಈ ಬಿಡುಗಡೆ ಎಲ್ಲರಿಗಿಂತ ಹೆಚ್ಚಾಗಿ ಬೇಕಾಗಿರುತ್ತದೆ, ಅದು ಅತ್ಯಂತ ಕಷ್ಟವಾಗುವುದೂ ಅವರಿಗೇ ಎಂದು ಅವರು ಹೇಳುತ್ತಾರೆ. ಆದ್ದರಿಂದ ‘ಕಚೇರಿಯನ್ನು ಮರೆತು ಮಲಗಿ’ ಎಂಬ ಬುದ್ಧಿಮಾತಿನಿಂದ ನಿಮಗೆ ಪ್ರಯೋಜನವಾಗದು. ಮರೆಯುವುದಕ್ಕೆ ಬದಲಾಗಿ, ಕಾಯುವ ಹೊಣೆಯನ್ನು ನಿಜವಾಗಿಯೂ ಬೇರೊಬ್ಬರಿಗೆ ಒಪ್ಪಿಸುವ ಏರ್ಪಾಡು ಬೇಕು. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಯಾವ ಸಹೋದ್ಯೋಗಿ ಎಷ್ಟು ಮೊತ್ತದವರೆಗೆ, ಯಾವ ವಿಷಯದಲ್ಲಿ ತಾವೇ ತೀರ್ಮಾನಿಸಬಹುದು, ಯಾವ ಸಂದರ್ಭದಲ್ಲಿ ಮಾತ್ರ ನಿಮ್ಮನ್ನು ಎಬ್ಬಿಸಬೇಕು ಎಂಬುದನ್ನು ಬರವಣಿಗೆಯಲ್ಲಿ ನಿಗದಿಪಡಿಸಿ. ಆ ಒಂದು ಸಂದರ್ಭಕ್ಕೆ ಫೋನ್ ಕರೆ ಇರಲಿ, ಉಳಿದ ಸಂದೇಶಗಳೆಲ್ಲ ಬೆಳಗಿನವರೆಗೆ ಕಾಯಲಿ. ಮೊದಮೊದಲು ಆತಂಕವಾಗುತ್ತದೆ. ನಿಮ್ಮನ್ನು ಕೇಳದೆಯೇ ಸಮಸ್ಯೆಗಳು ಬಗೆಹರಿದುದನ್ನು ನಾಲ್ಕಾರು ಬಾರಿ ಕಂಡ ಮೇಲೆ ಮನಸ್ಸು ಆ ಏರ್ಪಾಡನ್ನು ನಂಬತೊಡಗುತ್ತದೆ.

ಇನ್ನೊಂದು ಉಪಾಯ ತೀರಾ ಸರಳವಾದದ್ದು. ಮಲಗುವ ಮೊದಲು ಐದು ನಿಮಿಷ, ಮುಂದೆ ಮಾಡಬೇಕಾದ ಕೆಲಸಗಳನ್ನು ಕಾಗದದ ಮೇಲೆ ಬರೆದಿಡಬೇಕು. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೀಗೆ ಬರೆದವರು ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಬೇಗ ನಿದ್ದೆ ಹೋದರು. ಪಟ್ಟಿ ವಿವರವಾದಷ್ಟೂ ಲಾಭ ಹೆಚ್ಚಿತ್ತು. ‘ಬ್ಯಾಂಕ್ ವಿಚಾರ’ ಎಂದು ಬರೆಯುವ ಬದಲು, ‘ನಾಳೆ ಹತ್ತೂವರೆಗೆ ಶಾಖಾ ವ್ಯವಸ್ಥಾಪಕರಿಗೆ ಫೋನ್ ಮಾಡಿ ಓವರ್‌ಡ್ರಾಫ್ಟ್ ನವೀಕರಣದ ಬಗ್ಗೆ ಕೇಳುವುದು’ ಎಂದು ಬರೆಯಿರಿ. ನಿದ್ದೆಗೆಂದು ಮದ್ಯ ಸೇವಿಸುವ ಅಭ್ಯಾಸವಿದ್ದರೆ ದಯವಿಟ್ಟು ಬಿಡಿ. ಅದು ಬೇಗ ಮಂಪರು ತರಿಸಿದರೂ ರಾತ್ರಿಯ ಉತ್ತರಾರ್ಧದ ನಿದ್ದೆಯನ್ನು ಒಡೆಯುತ್ತದೆ.

ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ಹೀಗೆಯೇ ನಡೆದಿದ್ದರೆ ಅದನ್ನು ದೀರ್ಘಕಾಲದ ನಿದ್ರಾಹೀನತೆಯೆಂದು ಪರಿಗಣಿಸುತ್ತಾರೆ. ಆಗ ವೈದ್ಯರನ್ನು ಕಾಣಲೇಬೇಕು. ಇಂತಹ ನಿದ್ರಾಹೀನತೆಗೆ ಮೊಟ್ಟಮೊದಲು ಮಾತ್ರೆಯನ್ನಲ್ಲ, ಆಲೋಚನೆ ಮತ್ತು ಮಲಗುವ ಅಭ್ಯಾಸಗಳನ್ನು ತಿದ್ದುವ ಕೆಲವು ವಾರಗಳ ಚಿಕಿತ್ಸೆಯನ್ನು ಕೊಡಬೇಕೆಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಎಂಬ ವೈದ್ಯರ ಸಂಘ 2016ರಲ್ಲಿ ಶಿಫಾರಸು ಮಾಡಿದೆ. ನಿಮ್ಮ ಗೊರಕೆ ನಡುನಡುವೆ ಉಸಿರು ಕಟ್ಟಿದಂತೆ ನಿಲ್ಲುತ್ತದೆಯೇ ಎಂದು ಮನೆಯವರನ್ನೂ ಕೇಳಿ, ಹೌದೆಂದರೆ ಅದನ್ನು ವೈದ್ಯರಿಗೆ ಮೊದಲೇ ತಿಳಿಸಿ. ಅದಕ್ಕೆ ಬೇರೆಯದೇ ಪರೀಕ್ಷೆ, ಬೇರೆಯದೇ ಚಿಕಿತ್ಸೆ ಇದೆ.