ಬಿಳಿ ಮಾಸ್ಟರ್‌ಬ್ಯಾಚ್: ಕಿಲೋ ರೇಟು ನೋಡಿ ಕೊಳ್ಳಬೇಡಿ

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆಯ ಪ್ಲಾಸ್ಟಿಕ್ ಮೋಲ್ಡಿಂಗ್ ಯೂನಿಟ್‌ಗಳಲ್ಲಿ ನನಗೆ ಮೊದಲು ಎದುರಾಗುವ ಪ್ರಶ್ನೆ, "ಸಾರ್, ಬಿಳಿ ಮಾಸ್ಟರ್‌ಬ್ಯಾಚ್ ಯಾವುದು ಕಡಿಮೆಗೆ ಸಿಗುತ್ತೆ?" ಅಂತ. ಮಾಸ್ಟರ್‌ಬ್ಯಾಚ್ ಅಂದರೆ ಪ್ಲಾಸ್ಟಿಕ್‌ಗೆ ಬಣ್ಣ ಕೊಡಲು ಬೆರೆಸುವ ಗಾಢ ಬಣ್ಣದ ಕಾಳು. ರೇಟಿಗಿಂತ ಮೊದಲು, ಅದರಲ್ಲಿ ಟೈಟಾನಿಯಂ ಎಷ್ಟಿದೆ ಅಂತ ಕೇಳಬೇಕು.

ಬಿಳುಪು ಕೊಡುವುದೂ, ಆಚೆಯದು ಕಾಣದಂತೆ ಮುಚ್ಚುವುದೂ ಟೈಟಾನಿಯಂ ಡೈಆಕ್ಸೈಡ್. ಅದು ದುಬಾರಿ. ಹಾಗಾಗಿ ಅಗ್ಗದ ಮಾಲಿನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಜಾಸ್ತಿ ಇರುತ್ತದೆ. ಕ್ಯಾಲ್ಸಿಯಂ ಪುಡಿ ಕೈಯಲ್ಲಿ ಬೆಳ್ಳಗೇ ಕಾಣುತ್ತದೆ, ಪ್ಲಾಸ್ಟಿಕ್ ಒಳಗೆ ಹೋದರೆ ಮಂಕಾಗುತ್ತದೆ. ಕಾರಣ ವಕ್ರೀಭವನ ಸೂಚ್ಯಂಕ, ಅಂದರೆ ವಸ್ತು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ. ಪಾಲಿಥೀನ್‌ಗೆ ಅದು ಸುಮಾರು 1.5, ಕ್ಯಾಲ್ಸಿಯಂಗೆ 1.6, ರೂಟೈಲ್ ಎಂಬ ಹರಳು ರೂಪದ ಟೈಟಾನಿಯಂ ಡೈಆಕ್ಸೈಡ್‌ಗೆ 2.7. ಈ ಅಂತರ ಹೆಚ್ಚಿದ್ದಷ್ಟೂ ಬೆಳಕು ಚದುರುತ್ತದೆ, ಮಾಲು ಬೆಳ್ಳಗಾಗುತ್ತದೆ.

ಲೆಕ್ಕ ಹಾಕಿ ನೋಡಿ. 70 ಪರ್ಸೆಂಟ್ ಟೈಟಾನಿಯಂ ಇರುವ ಮಾಸ್ಟರ್‌ಬ್ಯಾಚನ್ನು 100 ಕೆಜಿ ಪ್ಲಾಸ್ಟಿಕ್‌ಗೆ 2 ಕೆಜಿ ಹಾಕಿದರೆ ಸಿಗುವುದು 1.4 ಕೆಜಿ ಟೈಟಾನಿಯಂ. 35 ಪರ್ಸೆಂಟ್ ಮಾಲಿನಲ್ಲಿ ಅಷ್ಟೇ ಬೇಕೆಂದರೆ 4 ಕೆಜಿ ಹಾಕಬೇಕು. ಜೊತೆಗೆ ಬರುವ ಕ್ಯಾಲ್ಸಿಯಂ, ಅಷ್ಟೇ ಗಾತ್ರದ ಪಾಲಿಥೀನ್‌ನ ಸುಮಾರು ಮೂರು ಪಟ್ಟು ತೂಕದ್ದು. ಫಿಲ್ಮ್ ಮಾಡುವವರಿಗೆ ಕಿಲೋಗೆ ಸಿಗುವ ಮೀಟರ್ ಕಡಿಮೆಯಾಗುತ್ತದೆ. ಅಗ್ಗ ಎಲ್ಲಿ ಬಂತು ಅಲ್ವಾ? ದಪ್ಪ ಹೂಕುಂಡಕ್ಕಾದರೆ ಕ್ಯಾಲ್ಸಿಯಂ ಮಾಲು ನಡೆಯುತ್ತದೆ. ತೆಳು ಹಾಲಿನ ಪೊಟ್ಟಣಕ್ಕೆ ಸುಮ್ನೆ ಪ್ರಯೋಗ ಮಾಡಬೇಡಿ.

ಸಪ್ಲೈಯರ್‌ಗಳು ಕೊಡುವ ಸ್ಯಾಂಪಲ್‌ಗಳಿಂದ ಒಂದೇ ದಪ್ಪದ ತುಂಡು ಮಾಡಿಸಿ, ದಿನಪತ್ರಿಕೆಯ ತಲೆಬರಹದ ಮೇಲಿಡಿ. ಅಕ್ಷರ ಯಾವುದರಲ್ಲಿ ಕಡಿಮೆ ಕಾಣುತ್ತದೋ ಅದು ಮುಚ್ಚುವ ಮಾಲು. ಟ್ಯೂಬ್‌ಲೈಟ್ ಕೆಳಗೆ ಮಾತ್ರ ನೋಡಬೇಡಿ, ಹೊರಗೆ ಹಗಲಲ್ಲೂ ನೋಡಿ. ಬಿಳುಪು ಹೆಚ್ಚಿದಂತೆ ತೋರಿಸುವ ಬ್ರೈಟ್ನರ್ ಹಾಕಿದ್ದರೆ ನೀಲಿ ಛಾಯೆಯ ಬಿಳುಪು ಬಂದು ಕಣ್ಣಿಗೆ ಮೋಸವಾಗುತ್ತದೆ.

ಬಿಸಿಲಲ್ಲಿರುವ ಟ್ಯಾಂಕು, ಕುರ್ಚಿಗಳಿಗೆ ರೂಟೈಲ್ ಬೇಕೇ ಬೇಕು. ಟೈಟಾನಿಯಂ ಡೈಆಕ್ಸೈಡ್‌ನ ಇನ್ನೊಂದು ರೂಪವಾದ ಅನಾಟೇಸ್ ಬಳಸಿದರೆ ಮೇಲ್ಮೈ ಪುಡಿಪುಡಿಯಾಗುತ್ತದೆ. ರೂಟೈಲ್ ಜೊತೆಗೆ ಬಿಸಿಲಿನ ಹಾನಿ ತಡೆಯುವ ಯುವಿ ಸ್ಟೆಬಿಲೈಸರ್ ಕೂಡ ಬೇಕು. ಆಹಾರ ತುಂಬುವ ಡಬ್ಬಿಯಾದರೆ ಆಹಾರಕ್ಕೆ ತಾಗುವ ಪ್ಲಾಸ್ಟಿಕ್‌ನ ಬಣ್ಣಗಳ ಭಾರತೀಯ ಮಾನದಂಡ ಐಎಸ್ 9833ಕ್ಕೆ ಹೊಂದುತ್ತದೆ ಎಂಬ ಪತ್ರ ಕೇಳಿ. ಬೇಸ್ ರೆಸಿನ್, ಅಂದರೆ ಮಾಸ್ಟರ್‌ಬ್ಯಾಚ್ ಮಾಡಿರುವ ಮೂಲ ಪ್ಲಾಸ್ಟಿಕ್, ಯಾವುದೆಂದೂ ಕೇಳಿ. ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್‌ಗೆ ಪಾಲಿಥೀನ್ ಬೇಸ್‌ನ ಮಾಸ್ಟರ್‌ಬ್ಯಾಚ್ ಹಾಕಿದರೆ ಪದರ ಬಿಡುತ್ತದೆ.

ಇನ್ನೂ ಅನುಮಾನವಿದ್ದರೆ ಹೆಬ್ಬಾಳದಲ್ಲಿರುವ ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ಸಂಸ್ಥೆ ಸಿಪೆಟ್‌ನಂಥ ಲ್ಯಾಬ್‌ನಲ್ಲಿ ಆಶ್ ಟೆಸ್ಟ್ (ಸುಟ್ಟು ಬೂದಿ ನೋಡುವ ಪರೀಕ್ಷೆ) ಮಾಡಿಸಿ. ಸುಮಾರು 600 ಡಿಗ್ರಿಯಲ್ಲಿ ಸುಟ್ಟ ಬೂದಿಗೆ ತೆಳು ಆಸಿಡ್ ಬಿಟ್ಟಾಗ ನೊರೆ ಬಂದರೆ ಅದರಲ್ಲಿ ಕ್ಯಾಲ್ಸಿಯಂ ಇದೆ. ನೊರೆ ಬರದಿದ್ದರೆ ಪೂರ್ತಿ ಟೈಟಾನಿಯಂ ಅಂತ ನಂಬಬೇಡಿ. ಟಾಲ್ಕ್, ಬೇರೈಟ್ಸ್‌ನಂಥ ಬೇರೆ ಖನಿಜ ಪುಡಿ ಇದ್ದರೂ ನೊರೆ ಬರುವುದಿಲ್ಲ. ಟೈಟಾನಿಯಂ ಎಷ್ಟಿದೆ ಎಂದು ಬೇರೆಯಾಗಿಯೇ ಅಳೆಸಿಕೊಳ್ಳಿ.