ಮಗಳ ಮೈಮೇಲೆ ಅಪ್ಪನ ಶರ್ಟು

"ಮೇಡಂ, ಯಾವಾಗ ನೋಡಿದ್ರೂ ನನ್ನ ಶರ್ಟೇ ಹಾಕ್ಕೊಂಡಿರ್ತಾಳೆ. ಫ್ರಾಕ್ ಮುಟ್ಟೋದೇ ಇಲ್ಲ. ಇದೇನಾದ್ರೂ ಕಾಯಿಲೆನಾ?"

13 ವರ್ಷದ ಮಗಳನ್ನು ಪಕ್ಕದಲ್ಲೇ ಕೂರಿಸಿಕೊಂಡು ಒಬ್ಬ ಅಪ್ಪ ಕೇಳಿದ ಪ್ರಶ್ನೆ ಇದು. (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.) ಮಗಳು ಏನೂ ಹೇಳಲಿಲ್ಲ. ಶರ್ಟಿನ ತೋಳು ಬೆರಳು ದಾಟಿ ಜೋತುಬಿದ್ದಿತ್ತು. ಅದರ ಗುಂಡಿ ತಿರುಗಿಸುತ್ತಾ ಕೂತಿದ್ದಳು.

ಕಾಯಿಲೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೇ ಆವೃತ್ತಿ 2022ರಿಂದ ಜಾರಿಯಲ್ಲಿದೆ. ಹುಡುಗಿ ಹುಡುಗರ ಬಟ್ಟೆ ಇಷ್ಟಪಟ್ಟಳು, ಅವರ ಹಾಗೆ ನಡೆದುಕೊಂಡಳು ಅನ್ನುವ ಒಂದೇ ಕಾರಣಕ್ಕೆ ಹಣೆಪಟ್ಟಿ ಹಚ್ಚುವಂತಿಲ್ಲ ಅಂತ ಅದೂ ಹೇಳುತ್ತದೆ. ಇಷ್ಟಕ್ಕೂ ಬಟ್ಟೆಯಲ್ಲಿ ಗಂಡು–ಹೆಣ್ಣು ಅನ್ನುವ ಗೆರೆ ಒಂದೇ ಕಡೆ ನಿಂತದ್ದಲ್ಲ. ಮುಂದೆ ಅಮೆರಿಕದ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್ 1884ರ ಒಂದು ಫೋಟೊದಲ್ಲಿ ಬಿಳಿ ಫ್ರಾಕ್ ತೊಟ್ಟ ಪುಟ್ಟ ಮಗು. ಪ್ಯಾರಿಸ್‌ನಲ್ಲಿ ಹೆಂಗಸರು ಪ್ಯಾಂಟ್ ಹಾಕಲು ಪೊಲೀಸರ ಅನುಮತಿ ಬೇಕು ಅಂತ 1800ರಲ್ಲಿ ಹೊರಡಿಸಿದ ಆದೇಶ, ಯಾರೂ ಪಾಲಿಸದಿದ್ದರೂ, 2013ರವರೆಗೆ ಕಾಗದದಲ್ಲಿ ಹಾಗೇ ಉಳಿದಿತ್ತು!

ಅಪ್ಪನನ್ನು ಹೊರಗೆ ಕೂರಿಸಿ ಮಗಳನ್ನು ಕೇಳಿದೆ, ಶರ್ಟೇ ಯಾಕೆ?

"ಜೇಬಿದೆ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಮೈ ಗೊತ್ತಾಗಲ್ಲ."

ಎರಡೂ ನಿಜವಾದ ಕಾರಣಗಳೇ. ಹುಡುಗಿಯರ ಮೈ ಬದಲಾಗುವುದು ಸಾಮಾನ್ಯವಾಗಿ 8ರಿಂದ 13 ವರ್ಷದೊಳಗೆ ಶುರುವಾಗುತ್ತದೆ. ನಿನ್ನೆವರೆಗೆ ಯಾರೂ ಗಮನಿಸದ ಮೈಯನ್ನು ಇವತ್ತು ಎಲ್ಲರೂ ನೋಡುತ್ತಿದ್ದಾರೆ ಅನಿಸತೊಡಗುತ್ತದೆ. ಆಗ ದೊಗಳೆ ಶರ್ಟು ಒಂದು ಮರೆ. ಕೆಲವು ಮಕ್ಕಳಿಗೆ ಹೊಲಿಗೆ, ಲೇಬಲ್ ಚುಚ್ಚುತ್ತದೆ, ಅಷ್ಟೇ. ಕೆಲವರಿಗೆ ಸುಮ್ನೆ ಇಷ್ಟ. ಇನ್ನು ಕೆಲವರು "ನಾನು ಹುಡುಗಿಯೇ ಅಲ್ಲ ಅನ್ಸತ್ತೆ" ಅಂತಲೂ ಹೇಳುತ್ತಾರೆ. ಹಾಗೆ ಹೇಳಿದರೆ ವಾದ ಮಾಡಬೇಡಿ, ಅವತ್ತೇ ತೀರ್ಮಾನಕ್ಕೂ ಬರಬೇಡಿ. ಕೇಳಿಸಿಕೊಳ್ಳಿ. ಫ್ರಾಕ್ ಹಾಕಿಸಿದರೆ ಆ ಭಾವನೆ ಹೋಗುವುದಿಲ್ಲ, ಶರ್ಟ್ ಹಾಕಿದ್ದರಿಂದ ಬಂದದ್ದೂ ಅಲ್ಲ.

ನಾನು ಬಟ್ಟೆಗಿಂತ ಬೇರೆ ವಿಷಯಗಳನ್ನು ಜಾಸ್ತಿ ಗಮನಿಸುತ್ತೇನೆ. ನಿದ್ದೆ ಕೆಟ್ಟಿದೆಯಾ? ಶಾಲೆಗೆ ಹೋಗಲು ಒಲ್ಲೆ ಅನ್ನುತ್ತಾಳಾ? ಸ್ನಾನ, ಕನ್ನಡಿ ಅಂದರೆ ಹಿಂಜರಿಕೆಯಾ? ಮೈಮೇಲೆ ತಾನೇ ಮಾಡಿಕೊಂಡ ಗಾಯ ಇದೆಯಾ? ಇದ್ದರೆ ತಡ ಮಾಡದೆ ಬನ್ನಿ.

ಇವಳಿಗೆ ಅವು ಯಾವುದೂ ಇರಲಿಲ್ಲ. ತೊಂದರೆ ಇದ್ದದ್ದು ಬೇರೆ ಕಡೆ. ಅಪ್ಪನನ್ನು ಒಳಗೆ ಕರೆದು ಕೇಳಿದೆ: "ಬಟ್ಟೆ ವಿಷಯ ಬಿಟ್ಟು ಮಗಳ ಜೊತೆ ಕೊನೆಗೆ ಯಾವಾಗ ಮಾತಾಡಿದ್ರಿ?" ಅವರು ಯೋಚಿಸಿದರು. ನೆನಪಾಗಲಿಲ್ಲ. ಮಗಳು ದೊಡ್ಡವಳಾಗುತ್ತಿದ್ದಾಳೆ ಅಂತ ತಾವೇ ದೂರ ಸರಿದಿದ್ದರು. ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದ ಅಪ್ಪ, ಈಗ ಬಟ್ಟೆ ಬಗ್ಗೆಯೂ ಅಮ್ಮನ ಮೂಲಕ ಹೇಳಿಸುತ್ತಿದ್ದರು. "ಸರಿಯಾಗಿ ಡ್ರೆಸ್ ಮಾಡ್ಕೊಳ್ಳೋಕೆ ಹೇಳು ಅವಳಿಗೆ." ಸ್ಕರ್ಟ್ ಗಿಡ್ಡ ಆಯ್ತು ಅಂತ ಸಿಡುಕುವ ಅಪ್ಪಂದಿರೂ ಬರುತ್ತಾರೆ. ದೂರು ತಿರುಗಾಮುರುಗಾ, ಮನೆಯೊಳಗಿನ ಮೌನ ಮಾತ್ರ ಅದೇ.

"ಯಾರಾದ್ರೂ ಆಡ್ಕೊಂಡು ನಕ್ಕರೆ ಅವಳಿಗೆ ನೋವಾಗಲ್ವಾ?" ಅಂದರು. ಆ ಭಯ ಸುಳ್ಳಲ್ಲ. ಆದರೆ ಮಗಳ ಕಿವಿಗೆ ಅದು ಭಯವಾಗಿ ಬಿದ್ದೇ ಇರಲಿಲ್ಲ, ಬೈಗುಳವಾಗಿ ಬಿದ್ದಿತ್ತು. "ನನಗೆ ಹೆದರಿಕೆ ಆಗತ್ತೆ ಪುಟ್ಟಿ" ಅಂತಲೇ ಹೇಳಿ ನೋಡಿ ಅಂದೆ. ಅಪ್ಪಂದಿರಿಗೆ ಇದು ಸುಲಭದ ಮಾತಲ್ಲ ಅಂತ ನನಗೂ ಗೊತ್ತು.

ಮೂರು ವಾರ ಬಿಟ್ಟು ಇಬ್ಬರೂ ಬಂದರು. ಅದೇ ಶರ್ಟು, ತೋಳು ಮಾತ್ರ ಮೊಣಕೈವರೆಗೆ ಮಡಚಿತ್ತು. ಒಂದು ತೋಳು ನೀಟಾಗಿ, ಇನ್ನೊಂದು ಸೊಟ್ಟಗೆ.

"ಬಲಗಡೇದು ನಾನು ಮಡಚಿದ್ದು" ಅಂದರು ಅಪ್ಪ.

"ಎಡಗಡೇದು ನಾನು" ಅಂದಳು ಮಗಳು. "ಇನ್ನೂ ಬರ್ತಿಲ್ಲ."